ಪ್ರೋಟಾನ್‌ನ ಸ್ಪಿನ್ ಎಲ್ಲಿಂದ ಬರುತ್ತದೆ? ಪೆನ್ನು, ಹಾಳೆ ಹಿಡಿದು ಲೆಕ್ಕ ಹಾಕುವ ಬಗೆ

ಪ್ರೋಟಾನ್ ಒಳಗೆ ಮೂರು ಕ್ವಾರ್ಕ್. ಎರಡರ ಸ್ಪಿನ್ ಮೇಲಕ್ಕೆ, ಒಂದರದ್ದು ಕೆಳಕ್ಕೆ. ಅರ್ಧಕ್ಕೆ ಅರ್ಧ ಕೂಡಿಸಿ, ಅದರಲ್ಲಿ ಅರ್ಧ ಕಳೆದರೆ ಉಳಿಯುವುದು ಅರ್ಧ. ಹಾಗಾಗಿ ಪ್ರೋಟಾನ್‌ನ ಸ್ಪಿನ್ ಅರ್ಧ. ಬಿಎಸ್ಸಿ ನೋಟ್ಸ್‌ಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ.

ಕೊನೆಯ ಉತ್ತರ ಸರಿ. ಆದರೆ ಅಲ್ಲಿಗೆ ಹೋದ ದಾರಿ ತಪ್ಪು. ಪ್ರಯೋಗದಲ್ಲಿ ಅಳೆದು ನೋಡಿದರೆ, ಎಲ್ಲ ಕ್ವಾರ್ಕ್‌ಗಳ ಸ್ವಂತ ಸ್ಪಿನ್ ಸೇರಿಸಿದರೂ ಪ್ರೋಟಾನ್ ಸ್ಪಿನ್‌ನ ಸುಮಾರು ಮೂರನೇ ಒಂದು ಭಾಗ ಮಾತ್ರ ಸಿಗುತ್ತದೆ. ಉಳಿದದ್ದು ಬೇರೆ ಕಡೆಯಿಂದ ಬರಬೇಕು. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ನೀವೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಡಿಗ್ರಿ ವಿದ್ಯಾರ್ಥಿಗಳನ್ನೂ, ಅವರಿಗೆ ಸೆಮಿನಾರ್ ಮಾಡಿಸುವ ಉಪನ್ಯಾಸಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ. ಬೇಕಾಗುವುದು ಭಿನ್ನರಾಶಿ ಕೂಡಿಸಲು, ಗುಣಿಸಲು ಬರುವಷ್ಟು ಗಣಿತ ಮತ್ತು ಎರಡು ಹಾಳೆ. ದೊಡ್ಡ ಲ್ಯಾಬ್ ಬೇಡ.

ಹೆಜ್ಜೆ 1: ಸ್ಪಿನ್ ಅಂದರೆ ಏನು ಅಂತ ಗಟ್ಟಿ ಮಾಡಿಕೊಳ್ಳಿ

ಸ್ಪಿನ್ ಅನ್ನುವುದು ಕಣದ ಹುಟ್ಟುಗುಣ. ಕೋನೀಯ ಸಂವೇಗದ ಲೆಕ್ಕಕ್ಕೆ ಅದು ನಿಜವಾಗಿಯೂ ಸೇರುತ್ತದೆ. ಆದರೆ ಕಣ ತನ್ನ ಸುತ್ತ ಗಿರಗಿರ ತಿರುಗುತ್ತಿದೆ ಅಂತ ಚಿತ್ರ ಬರೆಯಲು ಹೋಗಬೇಡಿ. ಅದರ ಅಳತೆಯ ಘಟಕ ಎಚ್-ಬಾರ್, ಅಂದರೆ ಪ್ಲಾಂಕ್ ಸ್ಥಿರಾಂಕವನ್ನು 2πಯಿಂದ ಭಾಗಿಸಿದ್ದು. ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್, ಕ್ವಾರ್ಕ್ ಎಲ್ಲದರ ಸ್ಪಿನ್ ಅರ್ಧ ಎಚ್-ಬಾರ್. ಫೋಟಾನ್ (ಬೆಳಕಿನ ಕಣ) ಮತ್ತು ಗ್ಲೂಆನ್ (ಕ್ವಾರ್ಕ್‌ಗಳನ್ನು ಒಟ್ಟಿಗೆ ಅಂಟಿಸಿಡುವ ಕಣ) ಇವುಗಳದು ಒಂದು.

ಪ್ರೋಟಾನ್‌ನ ಸ್ಪಿನ್ ಅರ್ಧ ಅಂತ ಗೊತ್ತಾಗಿದ್ದು 1927ರಲ್ಲಿ. ಹೈಡ್ರೋಜನ್ ಅನಿಲವನ್ನು ತಂಪು ಮಾಡುತ್ತಾ ಹೋದಾಗ ಅದರ ವಿಶಿಷ್ಟೋಷ್ಣ ಹೇಗೆ ಬದಲಾಗುತ್ತದೆ ಅನ್ನುವುದರಿಂದ ಡೇವಿಡ್ ಡೆನಿಸನ್ ಇದನ್ನು ಕಂಡುಕೊಂಡರು. ಕ್ವಾರ್ಕ್ ಅನ್ನುವ ಹೆಸರೇ ಆಗ ಇರಲಿಲ್ಲ.

ಈ ಸ್ಪಿನ್ ದಿನದ ಬದುಕಿನಲ್ಲೂ ಕೆಲಸ ಮಾಡುತ್ತಿದೆ. ಬಳ್ಳಾರಿಗೆ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದವರು ನಿಮ್ಮ ಓಣಿಯಲ್ಲೂ ಇರುತ್ತಾರೆ. ಆ ಯಂತ್ರ ನೋಡುವುದು ಮುಖ್ಯವಾಗಿ ಮೈಯೊಳಗಿನ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪ್ರೋಟಾನ್‌ಗಳ ಸ್ಪಿನ್ನನ್ನು. 1.5 ಟೆಸ್ಲಾ ಯಂತ್ರದಲ್ಲಿ ಅವು ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ಅಲೆಗೆ ಸ್ಪಂದಿಸುತ್ತವೆ. ಮೈಯ ಬಿಸಿಗೆ ಸ್ಪಿನ್‌ಗಳು ಮೇಲೆ, ಕೆಳಗೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗಿರುತ್ತವೆ. ಹತ್ತು ಲಕ್ಷ ಪ್ರೋಟಾನ್ ತೆಗೆದುಕೊಂಡರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಬರೀ ಐದರಷ್ಟು. ಅಷ್ಟರಿಂದಲೇ ಮಿದುಳಿನ ಚಿತ್ರ ಮೂಡುತ್ತದೆ. ಸೆಮಿನಾರ್ ಶುರು ಮಾಡಲು ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

ಇಲ್ಲೊಂದು ಗೊಂದಲ ಮೊದಲೇ ಬಿಡಿಸಿಕೊಳ್ಳಿ. ಸಂಡೂರಿನ ಅದಿರಿನಿಂದ ತೆಗೆದ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದು ಎಲೆಕ್ಟ್ರಾನ್‌ಗಳಿಂದ, ಪ್ರೋಟಾನ್‌ಗಳಿಂದ ಅಲ್ಲ. ಪ್ರೋಟಾನ್‌ನ ಕಾಂತೀಯ ಮೊಮೆಂಟ್ (ಕಣ ಎಷ್ಟು ಬಲದ ಪುಟ್ಟ ಅಯಸ್ಕಾಂತ ಅನ್ನುವ ಅಳತೆ) ಎಲೆಕ್ಟ್ರಾನ್‌ನದಕ್ಕಿಂತ ಸುಮಾರು 658 ಪಟ್ಟು ಚಿಕ್ಕದು.

ಹೆಜ್ಜೆ 2: ಹೆಸರು ಮತ್ತು ದಿಕ್ಕು ಬೇರೆ ಮಾಡಿ

1964ರಲ್ಲಿ ಮರ್ರೇ ಗೆಲ್-ಮನ್ ಮತ್ತು ಜಾರ್ಜ್ ಜ್ವೈಗ್ ಬೇರೆ ಬೇರೆಯಾಗಿ ಕ್ವಾರ್ಕ್ ಕಲ್ಪನೆ ಮುಂದಿಟ್ಟರು. ನಮ್ಮ ಲೆಕ್ಕಕ್ಕೆ ಸದ್ಯ ಎರಡು ಬಗೆ ಸಾಕು. ಅಪ್ ಕ್ವಾರ್ಕ್‌ನ ವಿದ್ಯುದಾವೇಶ +2/3, ಡೌನ್ ಕ್ವಾರ್ಕ್‌ನದು −1/3. ಪ್ರೋಟಾನ್ ಅಂದರೆ ಎರಡು ಅಪ್, ಒಂದು ಡೌನ್. ನ್ಯೂಟ್ರಾನ್ ಅಂದರೆ ಎರಡು ಡೌನ್, ಒಂದು ಅಪ್.

ಅಪ್, ಡೌನ್ ಅನ್ನುವುದು ಬರೀ ಹೆಸರು. ಅದಕ್ಕೂ ಸ್ಪಿನ್ ದಿಕ್ಕಿಗೂ ಸಂಬಂಧವೇ ಇಲ್ಲ. ತರಗತಿಯಲ್ಲಿ ಹುಡುಗರು ಜಾಸ್ತಿ ಎಡವುವುದು ಇಲ್ಲೇ. ಅದಕ್ಕೆ ಸ್ಪಿನ್ ದಿಕ್ಕಿಗೆ ‘ಮೇಲ್ಮುಖ’, ‘ಕೆಳಮುಖ’ ಅಂತ ಬರೆಯಿರಿ. ಬೋರ್ಡಿನ ಮೇಲೆ ಎರಡು ಬಣ್ಣದ ಚಾಕ್‌ಪೀಸ್ ಇದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 3: ಬಾಣ ಎಣಿಸುವುದನ್ನು ಬಿಟ್ಟು, ಸರಿಯಾಗಿ ಎಣಿಸಿ

ಮೂರು ಬಾಣ ಬರೆದು ಕೂಡಿಸುವ ಲೆಕ್ಕದಲ್ಲಿ ಒಂದು ಪ್ರಶ್ನೆಗೆ ಉತ್ತರವೇ ಇಲ್ಲ: ಕೆಳಮುಖ ಇರುವುದು ಯಾವ ಕ್ವಾರ್ಕ್? ಅಪ್ಪೋ, ಡೌನೋ?

ಇದಕ್ಕೆ ಉತ್ತರ ಪೌಲಿ ನಿಯಮದಿಂದ ಬರುತ್ತದೆ: ಒಂದೇ ಬಗೆಯ ಇಂಥ ಎರಡು ಕಣ ಎಲ್ಲ ರೀತಿಯಲ್ಲೂ ಒಂದೇ ಸ್ಥಿತಿಯಲ್ಲಿ ಇರಲಾರವು. ಎರಡು ಅಪ್ ಕ್ವಾರ್ಕ್‌ಗಳು ಒಂದರಂತೆ ಒಂದು ಇವೆ. ಎರಡೂ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲೇ ಇವೆ. “ಸರ್, ಹಂಗಾದ್ರ ಅವು ಎದುರುಬದುರು ದಿಕ್ಕಿನಾಗ ಇರಬೇಕಲ್ಲ, ಎಲೆಕ್ಟ್ರಾನ್ ಇದ್ದಂಗ?” ಅಂತ ಯಾರಾದರೂ ಕೇಳಿದರೆ ಖುಷಿಪಡಿ, ಆ ವಿದ್ಯಾರ್ಥಿ ಕೆಮಿಸ್ಟ್ರಿಯನ್ನು ಸರಿಯಾಗಿ ಓದಿದ್ದಾರೆ. ವ್ಯತ್ಯಾಸ ಏನೆಂದರೆ, ಕ್ವಾರ್ಕ್‌ಗಳಿಗೆ ‘ಬಣ್ಣ’ ಅನ್ನುವ ಇನ್ನೊಂದು ಗುಣ ಇದೆ. ಎರಡು ಕಣ ಅದಲುಬದಲಾದಾಗ ಚಿಹ್ನೆ ಬದಲಾಗಬೇಕು ಅನ್ನುವ ಷರತ್ತನ್ನು ಆ ಬಣ್ಣವೇ ಪೂರೈಸಿಬಿಡುತ್ತದೆ. ಹಾಗಾಗಿ ಸ್ಪಿನ್ ಭಾಗ ಸಮಮಿತಿಯಲ್ಲಿ ಇರಬೇಕಾಗುತ್ತದೆ. ಅಂದರೆ ಎರಡು ಅಪ್ ಸೇರಿ ಒಟ್ಟು ಸ್ಪಿನ್ 1 ಆಗಬೇಕು.

ಈಗ ಸ್ಪಿನ್ 1ರ ಆ ಜೋಡಿಯನ್ನೂ ಸ್ಪಿನ್ ಅರ್ಧದ ಡೌನ್ ಕ್ವಾರ್ಕ್ ಅನ್ನೂ ಸೇರಿಸಿ, ಮೇಲ್ಮುಖ ಇರುವ ಪ್ರೋಟಾನ್ ಕಟ್ಟಬೇಕು. ಕ್ವಾಂಟಮ್ ನಿಯಮದ ಪ್ರಕಾರ ಎರಡು ಸಾಧ್ಯತೆ ಇವೆ:

ಮೊದಲನೆಯದರಲ್ಲಿ ಎರಡೂ ಅಪ್ ಮೇಲ್ಮುಖ, ಡೌನ್ ಕೆಳಮುಖ. ಇದರ ಸಂಭವ 2/3.

ಎರಡನೆಯದರಲ್ಲಿ ಒಂದು ಅಪ್ ಮೇಲ್ಮುಖ, ಇನ್ನೊಂದು ಕೆಳಮುಖ, ಡೌನ್ ಮೇಲ್ಮುಖ. ಇದರ ಸಂಭವ 1/3.

ಈ 2/3 ಮತ್ತು 1/3 ಎಲ್ಲಿಂದ ಬಂದವು ಅಂತ ನೋಡಬೇಕಾದರೆ ಕ್ವಾಂಟಮ್ ಪಠ್ಯದ ಕ್ಲೆಬ್ಶ್-ಗಾರ್ಡನ್ ಪಟ್ಟಿ ತೆಗೆಯಿರಿ. 1 ಮತ್ತು 1/2 ಸೇರುವ ಸಾಲಿನಲ್ಲಿ ಸಿಗುತ್ತದೆ. ಪಟ್ಟಿಯಲ್ಲಿ ವರ್ಗಮೂಲದ ಅಂಕಿ ಇರುತ್ತದೆ, ಅದರ ವರ್ಗವೇ ಸಂಭವ.

ಈಗ ಪ್ರತಿ ಬಗೆಯ ಕ್ವಾರ್ಕ್‌ನ ಪಾಲು ಬರೆಯಿರಿ. ಪಾಲು ಅಂದರೆ ಮೇಲ್ಮುಖ ಎಷ್ಟೋ ಅದರಲ್ಲಿ ಕೆಳಮುಖ ಕಳೆದದ್ದು.

ಅಪ್: 2/3 × 2 + 1/3 × 0 = 4/3
ಡೌನ್: 2/3 × (−1) + 1/3 × (+1) = −1/3
ಒಟ್ಟು: 4/3 − 1/3 = 1

ಒಟ್ಟು 1 ಅಂದರೆ ಪ್ರೋಟಾನ್ ಸ್ಪಿನ್ ಪೂರ್ತಿ, ನೂರಕ್ಕೆ ನೂರು, ಕ್ವಾರ್ಕ್‌ಗಳಿಂದಲೇ ಬಂತು ಅಂತ. ಡೌನ್‌ನ ಪಾಲು ಋಣಾತ್ಮಕ ಅನ್ನುವುದನ್ನು ಗುರುತು ಹಾಕಿಕೊಳ್ಳಿ. ಸರಾಸರಿಯಲ್ಲಿ ಅದು ಪ್ರೋಟಾನ್‌ಗೆ ವಿರುದ್ಧ ದಿಕ್ಕಿನಲ್ಲೇ ಇರುತ್ತದೆ. ಮುಂದೆ ಪ್ರಯೋಗದಲ್ಲೂ ಈ ಚಿಹ್ನೆ ಹಾಗೇ ಉಳಿಯುತ್ತದೆ.

ಹೆಜ್ಜೆ 4: ಇದೇ ಅಂಕಿಗಳಿಂದ ಕಾಂತೀಯ ಮೊಮೆಂಟ್ ತೆಗೆಯಿರಿ

ಈ ಹೆಜ್ಜೆಯನ್ನು ದಯವಿಟ್ಟು ಬಿಟ್ಟು ಹೋಗಬೇಡಿ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಲೆಕ್ಕ ಇದು.

ಕ್ವಾರ್ಕ್‌ನ ಕಾಂತೀಯ ಮೊಮೆಂಟ್ ಅದರ ವಿದ್ಯುದಾವೇಶಕ್ಕೆ ಅನುಗುಣವಾಗಿರುತ್ತದೆ. ಅಪ್, ಡೌನ್ ಎರಡರ ದ್ರವ್ಯರಾಶಿ ಒಂದೇ ಅಂತ ಇಟ್ಟುಕೊಳ್ಳಿ. ಪ್ರತಿ ಪಾಲನ್ನು ಆಯಾ ಆವೇಶದಿಂದ ಗುಣಿಸಿ ಕೂಡಿಸಿ.

ಪ್ರೋಟಾನ್: 4/3 × 2/3 + (−1/3) × (−1/3) = 8/9 + 1/9 = 1

ನ್ಯೂಟ್ರಾನ್‌ಗೆ ಹೊಸ ಲೆಕ್ಕ ಬೇಡ. ಅಪ್ ಇದ್ದಲ್ಲಿ ಡೌನ್, ಡೌನ್ ಇದ್ದಲ್ಲಿ ಅಪ್ ಹಾಕಿದರೆ ಆಯಿತು. ಈಗ 4/3 ಪಾಲು ಡೌನ್‌ನದು, −1/3 ಪಾಲು ಅಪ್‌ನದು.

ನ್ಯೂಟ್ರಾನ್: 4/3 × (−1/3) + (−1/3) × 2/3 = −4/9 − 2/9 = −2/3

ಅಂದರೆ ನ್ಯೂಟ್ರಾನ್ ಮತ್ತು ಪ್ರೋಟಾನ್‌ಗಳ ಅನುಪಾತ −0.667 ಆಗಬೇಕು. ಅಳತೆ ಏನು ಹೇಳುತ್ತದೆ? ನ್ಯೂಕ್ಲಿಯರ್ ಮ್ಯಾಗ್ನೆಟಾನ್ ಘಟಕದಲ್ಲಿ ಪ್ರೋಟಾನ್‌ನದು 2.793, ನ್ಯೂಟ್ರಾನ್‌ನದು −1.913. ಭಾಗಿಸಿ ನೋಡಿ: −0.685. ಬರೀ ಭಿನ್ನರಾಶಿ ಕೂಡಿಸಿ ಇಷ್ಟು ಹತ್ತಿರ ಬಂದೆವು, ಅಲ್ವಾ? ಆವೇಶವೇ ಇಲ್ಲದ ನ್ಯೂಟ್ರಾನ್‌ಗೆ ಕಾಂತೀಯ ಮೊಮೆಂಟ್ ಯಾಕಿದೆ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಒಳಗಿನ ಆವೇಶಗಳು ಕೂಡಿ ಸೊನ್ನೆಯಾದರೂ ಅವುಗಳ ಕಾಂತಗುಣ ಸೊನ್ನೆಯಾಗುವುದಿಲ್ಲ.

ಒಟ್ಟೋ ಸ್ಟರ್ನ್ ಮತ್ತು ಜೊತೆಗಾರರು 1933ರಲ್ಲಿ ಪ್ರೋಟಾನ್‌ನ ಕಾಂತೀಯ ಮೊಮೆಂಟ್ ಅಳೆದಾಗ ನಿರೀಕ್ಷೆ ಇದ್ದದ್ದು ಅದೇ ಘಟಕದಲ್ಲಿ 1. ಬಂದದ್ದು ಎರಡೂವರೆಯ ಆಸುಪಾಸು. ಪ್ರೋಟಾನ್ ಒಂದೇ ಬಿಂದುವಿನಂಥ ಕಣ ಅಲ್ಲ ಅನ್ನುವುದಕ್ಕೆ ಅದೇ ಮೊದಲ ಸುಳಿವು.

ಈ ಗೆಲುವಿನಿಂದಾಗಿಯೇ ಎಲ್ಲರೂ ಹೆಜ್ಜೆ 3ರ ಲೆಕ್ಕವನ್ನು ನಂಬಿದರು. ಆದರೆ ಬಿರುಕು ಮೊದಲಿಂದಲೂ ಇತ್ತು. ನ್ಯೂಟ್ರಾನ್‌ನ ಬೀಟಾ ಕ್ಷಯದಿಂದ (ನ್ಯೂಟ್ರಾನ್ ಒಡೆದು ಪ್ರೋಟಾನ್ ಆಗುವುದು) ‘ಅಪ್ ಪಾಲು ಕಳೆ ಡೌನ್ ಪಾಲು’ ಎಷ್ಟು ಅಂತ ನೇರವಾಗಿ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಅದು 4/3 + 1/3 = 5/3, ಅಂದರೆ 1.67. ಅಳತೆಯಲ್ಲಿ ಬರುವುದು ಸುಮಾರು 1.27. ಕಾಲು ಭಾಗದಷ್ಟು ಕಡಿಮೆ. ಇದನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ, ಹೆಜ್ಜೆ 6ರಲ್ಲಿ ಬೇಕು.

ಹೆಜ್ಜೆ 5: ಪ್ರಯೋಗ ಹೇಗೆ ನಡೆಯಿತು ಅಂತ ತಿಳಿಯಿರಿ

ಕ್ವಾರ್ಕ್ ಅನ್ನು ಹೊರಗೆ ತೆಗೆದು ನೋಡಲು ಆಗುವುದಿಲ್ಲ. ಹಾಗಿದ್ದರೆ ಅದರ ಸ್ಪಿನ್ ದಿಕ್ಕು ಗೊತ್ತಾಗುವುದು ಹೇಗೆ?

ಎಲೆಕ್ಟ್ರಾನ್ ಅಥವಾ ಮ್ಯೂಆನ್ (ಎಲೆಕ್ಟ್ರಾನ್‌ನಂಥದೇ, ಆದರೆ ಹೆಚ್ಚು ಭಾರದ) ಕಣಗಳನ್ನು ಭಾರಿ ವೇಗದಲ್ಲಿ ಪ್ರೋಟಾನ್ ಮೇಲೆ ಬಿಡುತ್ತಾರೆ. ಅವು ಒಂದು ಫೋಟಾನ್ ಮೂಲಕ ಒಳಗಿನ ಕ್ವಾರ್ಕ್‌ಗೆ ಹೊಡೆತ ಕೊಡುತ್ತವೆ. ಫೋಟಾನ್‌ನ ಸ್ಪಿನ್ ಒಂದು. ಕ್ವಾರ್ಕ್ ಅದನ್ನು ನುಂಗಿದ ಮೇಲೂ ಅದರ ಸ್ಪಿನ್ ಅರ್ಧವೇ ಇರಬೇಕು. ಆದ್ದರಿಂದ ಫೋಟಾನ್‌ಗೆ ವಿರುದ್ಧ ದಿಕ್ಕಿನಲ್ಲಿರುವ ಕ್ವಾರ್ಕ್ ಮಾತ್ರ ಅದನ್ನು ನುಂಗಬಲ್ಲದು: −1/2 + 1 = +1/2. ಒಂದೇ ದಿಕ್ಕಿನಲ್ಲಿದ್ದರೆ 3/2 ಆಗಬೇಕಾಗುತ್ತದೆ, ಅದು ಸಾಧ್ಯವಿಲ್ಲ. ಇಡೀ ಪ್ರಯೋಗ ನಿಂತಿರುವುದು ಈ ಒಂದು ಸಾಲಿನ ಮೇಲೆ. ಪ್ರೋಟಾನ್‌ನ ಸ್ಪಿನ್ ಕಿರಣದ ದಿಕ್ಕಿಗೆ ಒಮ್ಮೆ, ವಿರುದ್ಧ ದಿಕ್ಕಿಗೆ ಒಮ್ಮೆ ಇಟ್ಟು, ಎರಡೂ ಸಲ ಎಷ್ಟು ಡಿಕ್ಕಿ ಆದವು ಅಂತ ಎಣಿಸಬೇಕು. ಎಣಿಕೆಯ ವ್ಯತ್ಯಾಸವೇ ಕ್ವಾರ್ಕ್‌ಗಳು ಯಾವ ಕಡೆ ಇವೆ ಅಂತ ಹೇಳುತ್ತದೆ.

ಜಿನೀವಾ ಹತ್ತಿರದ ಸರ್ನ್‌ನಲ್ಲಿ ಯುರೋಪಿಯನ್ ಮ್ಯೂಆನ್ ಕೊಲ್ಯಾಬರೇಶನ್ ತಂಡ ಇದನ್ನು ಮಾಡಿ 1988ರಲ್ಲಿ ಫಲಿತಾಂಶ ಪ್ರಕಟಿಸಿತು. ಪಯಾನ್ ಅನ್ನುವ ಅಲ್ಪಾಯುಷಿ ಕಣದ ಕ್ಷಯದಿಂದ ಹುಟ್ಟುವ ಮ್ಯೂಆನ್‌ಗಳು ಹುಟ್ಟುವಾಗಲೇ ಸ್ಪಿನ್ ಒಂದು ಕಡೆ ತಿರುಗಿಸಿಕೊಂಡಿರುತ್ತವೆ. ಅದು ಅನುಕೂಲ. ಕಷ್ಟ ಇದ್ದದ್ದು ಪ್ರೋಟಾನ್‌ಗಳನ್ನು ಸಾಲಾಗಿ ನಿಲ್ಲಿಸುವುದರಲ್ಲಿ. ಎಂಆರ್‌ಐನ ಹತ್ತು ಲಕ್ಷಕ್ಕೆ ಐದು ಇಲ್ಲಿ ಏನೂ ಸಾಲದು. ಹೆಪ್ಪುಗಟ್ಟಿದ ಅಮೋನಿಯಾವನ್ನು 1 ಕೆಲ್ವಿನ್‌ಗಿಂತಲೂ ಕೆಳಗೆ ತಣ್ಣಗೆ ಮಾಡಿ, ಮೈಕ್ರೋವೇವ್ ಸಹಾಯದಿಂದ ಎಲೆಕ್ಟ್ರಾನ್‌ಗಳ ಜೋಡಣೆಯನ್ನು ಪ್ರೋಟಾನ್‌ಗಳಿಗೆ ದಾಟಿಸಿದರು. ಅಷ್ಟಾದರೂ ಅಮೋನಿಯಾದಲ್ಲಿರುವ 17 ನ್ಯೂಕ್ಲಿಯಾನ್‌ಗಳಲ್ಲಿ (ಪ್ರೋಟಾನ್, ನ್ಯೂಟ್ರಾನ್ ಸೇರಿ) ಹೈಡ್ರೋಜನ್‌ನ 3 ಮಾತ್ರ ಉಪಯೋಗಕ್ಕೆ ಬರುವಂಥವು. ಉಳಿದ 14 ನೈಟ್ರೋಜನ್‌ನವು, ಡಿಕ್ಕಿಗೆ ಸಿಗುತ್ತವೆ, ಸುದ್ದಿ ಕೊಡುವುದಿಲ್ಲ. ಇಷ್ಟೆಲ್ಲದರ ನಡುವೆ ವ್ಯತ್ಯಾಸ ಹೆಕ್ಕಿ ತೆಗೆಯಬೇಕು.

ಫಲಿತಾಂಶ ನೋಡಿ ಎಲ್ಲರೂ ಬೆಚ್ಚಿದರು. ಕ್ವಾರ್ಕ್ ಸ್ಪಿನ್‌ಗಳ ಒಟ್ಟು ಪಾಲು ನೂರಕ್ಕೆ ಹನ್ನೆರಡರಷ್ಟು. ಅಳತೆಯ ಅನಿಶ್ಚಿತತೆ ದೊಡ್ಡದಿದ್ದದ್ದರಿಂದ ಅದು ಸೊನ್ನೆಯೂ ಇರಬಹುದಿತ್ತು. ಇದಕ್ಕೇ ‘ಪ್ರೋಟಾನ್ ಸ್ಪಿನ್ ಬಿಕ್ಕಟ್ಟು’ ಅಂತ ಹೆಸರು ಬಂತು. ಆಮೇಲೆ ಸರ್ನ್‌ನಲ್ಲೇ ಬೇರೆ ತಂಡಗಳು, ಅಮೆರಿಕದ ಸ್ಲ್ಯಾಕ್ ಮತ್ತು ಜೆಫರ್ಸನ್ ಲ್ಯಾಬ್, ಜರ್ಮನಿಯ ಡೆಸಿಯ ಹರ್ಮಿಸ್ ಪ್ರಯೋಗ ಮತ್ತೆ ಮತ್ತೆ ಅಳೆದವು. ಸಂಖ್ಯೆ ಸ್ವಲ್ಪ ಏರಿ ಸುಮಾರು 30 ಶೇಕಡಾ ಹತ್ತಿರ ನಿಂತಿತು. ನೂರಂತೂ ಆಗಲಿಲ್ಲ.

ಹೆಜ್ಜೆ 6: ಅಳತೆಯ ಅಂಕಿಗಳಿಂದ ಪಾಲುಗಳನ್ನು ನೀವೇ ಬಿಡಿಸಿ

ಇದು ಹೈಸ್ಕೂಲ್ ಸಮೀಕರಣ. ಇಲ್ಲಿ ಮೂರನೇ ಬಗೆಯ ಕ್ವಾರ್ಕ್ ಒಂದು ಸೇರುತ್ತದೆ, ಸ್ಟ್ರೇಂಜ್. ಪ್ರೋಟಾನ್ ಒಳಗೆ ಕ್ವಾರ್ಕ್ ಮತ್ತು ಆಂಟಿಕ್ವಾರ್ಕ್ (ಅದರ ಪ್ರತಿಕಣ) ಜೋಡಿಗಳು ಹುಟ್ಟಿ ಸಾಯುತ್ತಲೇ ಇರುತ್ತವೆ, ಅದರಲ್ಲಿ ಸ್ಟ್ರೇಂಜ್ ಕೂಡ ಇರುತ್ತದೆ. ಇಂಥವನ್ನು ‘ಸೀ ಕ್ವಾರ್ಕ್’ ಅನ್ನುತ್ತಾರೆ.

ಬೀಟಾ ಕ್ಷಯದಿಂದ: ಅಪ್ − ಡೌನ್ = 1.27
ಹೈಪರಾನ್ (ಸ್ಟ್ರೇಂಜ್ ಕ್ವಾರ್ಕ್ ಇರುವ, ಪ್ರೋಟಾನ್‌ನಂಥ) ಕಣಗಳ ಕ್ಷಯದಿಂದ: ಅಪ್ + ಡೌನ್ − 2 × ಸ್ಟ್ರೇಂಜ್ = 0.58
ಚದುರಿಕೆ (ಹೆಜ್ಜೆ 5ರ ಡಿಕ್ಕಿ) ಪ್ರಯೋಗಗಳಿಂದ: ಸ್ಟ್ರೇಂಜ್ = −0.08 ಸುಮಾರು

ಮೂರನೆಯದನ್ನು ಎರಡನೆಯದರಲ್ಲಿ ಹಾಕಿ: ಅಪ್ + ಡೌನ್ = 0.42. ಇದನ್ನು ಮೊದಲನೆಯದರ ಜೊತೆ ಕೂಡಿಸಿ ಎರಡರಿಂದ ಭಾಗಿಸಿ. ಅಪ್ = 0.845, ಡೌನ್ = −0.425. ಮೂರನ್ನೂ ಕೂಡಿಸಿದರೆ 0.34. ಬಂತು ನೋಡಿ, ಮೂರನೇ ಒಂದು ಭಾಗ.

ಈಗ ಹೆಜ್ಜೆ 3ರ ಅಂಕಿಗಳ ಪಕ್ಕ ಇಡಿ. ಅಪ್ 1.33 ಇದ್ದದ್ದು 0.85ಕ್ಕೆ ಇಳಿದಿದೆ. ಡೌನ್ −0.33 ಇದ್ದದ್ದು −0.43 ಆಗಿದೆ. ಚಿಹ್ನೆ ಎರಡೂ ಸರಿ, ಗಾತ್ರ ಎರಡೂ ತಪ್ಪು.

ಸ್ಟ್ರೇಂಜ್‌ನ ಪಾಲು ಸೊನ್ನೆ ಅಂತ ಹಾಕಿ ಇನ್ನೊಮ್ಮೆ ಮಾಡಿ. ಒಟ್ಟು 0.58 ಬರುತ್ತದೆ. 1974ರಲ್ಲಿ ಜಾನ್ ಎಲ್ಲಿಸ್ ಮತ್ತು ರಾಬರ್ಟ್ ಜಾಫಿ ಹೀಗೇ ಇಟ್ಟುಕೊಂಡು ಮುನ್ಸೂಚನೆ ಕೊಟ್ಟಿದ್ದರು. 1988ರ ಫಲಿತಾಂಶ ಮುರಿದದ್ದು ಅದನ್ನೇ. ಒಂದು ಎಚ್ಚರ: ಹೈಪರಾನ್ ಸಮೀಕರಣ ಅಂದಾಜಿನ ಸಮಮಿತಿಯ ಮೇಲೆ ನಿಂತಿದೆ. ಕೇಆನ್ (ಇವುಗಳಲ್ಲೂ ಸ್ಟ್ರೇಂಜ್ ಕ್ವಾರ್ಕ್ ಇರುತ್ತದೆ) ಕಣಗಳನ್ನು ಹಿಡಿದು ಸ್ಟ್ರೇಂಜ್ ಪಾಲನ್ನು ನೇರವಾಗಿ ಅಳೆದವರಿಗೆ ಸೊನ್ನೆಗೆ ಹತ್ತಿರದ ಬೆಲೆ ಸಿಕ್ಕಿದೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಹೆಜ್ಜೆ 7: ಉಳಿದ ಭಾಗ ಎಲ್ಲಿ ಅಂತ ಹುಡುಕಿ

ಮೊದಲ ಕಾರಣ ವೇಗ. ಅಪ್ ಕ್ವಾರ್ಕ್‌ನ ಬರಿಯ ದ್ರವ್ಯರಾಶಿ ಸುಮಾರು 2.2 ಎಂಇವಿ (ಕಣಗಳ ದ್ರವ್ಯರಾಶಿ ಹೇಳುವ ಘಟಕ), ಡೌನ್‌ನದು 4.7. ಪ್ರೋಟಾನ್‌ನದು 938. ಇಷ್ಟು ಹಗುರ ಕಣಗಳು ಇಷ್ಟು ಚಿಕ್ಕ ಜಾಗದಲ್ಲಿ ಸಿಕ್ಕಿಹಾಕಿಕೊಂಡರೆ ಬೆಳಕಿನ ವೇಗಕ್ಕೆ ಹತ್ತಿರದಲ್ಲೇ ಓಡಾಡುತ್ತವೆ. ಹಾಗೆ ಓಡುವ ಕಣದ ಕೋನೀಯ ಸಂವೇಗದ ಒಂದು ಭಾಗ ಸ್ವಂತ ಸ್ಪಿನ್‌ನಿಂದ ಸುತ್ತಾಟಕ್ಕೆ ಹೋಗುತ್ತದೆ. ಇದೊಂದನ್ನೇ ಲೆಕ್ಕಕ್ಕೆ ಹಿಡಿದರೂ ಒಟ್ಟು ಪಾಲು 1ರಿಂದ 0.65ರ ಹತ್ತಿರಕ್ಕೆ ಇಳಿಯುತ್ತದೆ. ಮೂಲೆಯಲ್ಲಿ ಬರೆದಿಟ್ಟ 1.67 ಕೂಡ ಇದೇ ಕಾರಣಕ್ಕೆ ಕೆಳಗೆ ಬರುತ್ತದೆ.

ಎರಡನೆಯದು ಗ್ಲೂಆನ್. ಅಮೆರಿಕದ ಬ್ರೂಕ್‌ಹೇವನ್‌ನ ರಿಕ್ ಯಂತ್ರದಲ್ಲಿ ಸ್ಪಿನ್ ಜೋಡಿಸಿದ ಎರಡು ಪ್ರೋಟಾನ್ ಕಿರಣಗಳನ್ನು ಎದುರುಬದುರು ಡಿಕ್ಕಿ ಹೊಡೆಸಿದರು. 2014ರ ವಿಶ್ಲೇಷಣೆಯಲ್ಲಿ ಗ್ಲೂಆನ್ ಪಾಲು ಧನಾತ್ಮಕ ಅಂತ ಕಂಡಿತು. ಪ್ರೋಟಾನ್ ಸಂವೇಗದ 5 ಶೇಕಡಾಕ್ಕಿಂತ ಜಾಸ್ತಿ ಹೊತ್ತ ಗ್ಲೂಆನ್‌ಗಳಿಂದಲೇ ಸುಮಾರು 0.2 ಎಚ್-ಬಾರ್. ಬೇಕಾದದ್ದು 0.5 ಅನ್ನುವುದನ್ನು ನೆನಪಿಡಿ. ಸಣ್ಣ ಸಂವೇಗದ ಗ್ಲೂಆನ್‌ಗಳ ಅಳತೆ ಇನ್ನೂ ಬಾಕಿ ಇದೆ.

ಮೂರನೆಯದು ಕ್ವಾರ್ಕ್ ಮತ್ತು ಗ್ಲೂಆನ್‌ಗಳು ಪ್ರೋಟಾನ್ ಒಳಗೆ ಸುತ್ತುವುದರಿಂದ ಬರುವ ಕಕ್ಷೀಯ ಭಾಗ. ಅಳೆಯಲು ತುಂಬಾ ಕಷ್ಟವಾದದ್ದು ಇದೇ.

ಹಾಳೆಯಲ್ಲಿ ಹೀಗೆ ಬರೆಯಿರಿ: 1/2 = ಕ್ವಾರ್ಕ್ ಸ್ಪಿನ್ + ಗ್ಲೂಆನ್ ಸ್ಪಿನ್ + ಕ್ವಾರ್ಕ್ ಸುತ್ತಾಟ + ಗ್ಲೂಆನ್ ಸುತ್ತಾಟ. ಇಲ್ಲಿ ಕ್ವಾರ್ಕ್ ಸ್ಪಿನ್ ಅಂದರೆ ಹೆಜ್ಜೆ 6ರ ಒಟ್ಟಿನ ಅರ್ಧ. ಇದು 1990ರಲ್ಲಿ ಜಾಫಿ ಮತ್ತು ಅನೀಶ್ ಮನೋಹರ್ ಬರೆದ ಸೂತ್ರ. 1997ರಲ್ಲಿ ಷಿಯಾಂಗ್‌ಡಾಂಗ್ ಜೀ ಬೇರೆ ತರ ಭಾಗ ಮಾಡಿದರು, ಅದರಲ್ಲಿ ಗ್ಲೂಆನ್‌ನ ಎರಡು ಭಾಗ ಸೇರಿ ಒಂದೇ ಆಗಿರುತ್ತದೆ. ಎರಡೂ ಸರಿ. ಆದರೆ ಒಂದರ ಅಂಕಿಯನ್ನು ಇನ್ನೊಂದರ ಸಾಲಿನಲ್ಲಿ ಸೇರಿಸಬಾರದು.

ಇನ್ನೊಂದು ಮಾತು. ಈ ಪಾಲುಗಳು ನೀವು ಎಷ್ಟು ಸೂಕ್ಷ್ಮವಾಗಿ ನೋಡುತ್ತೀರಿ ಅನ್ನುವುದರ ಮೇಲೂ ಬದಲಾಗುತ್ತವೆ. ಗಂಗಾವತಿ ಕಡೆಯ ಭತ್ತದ ಗದ್ದೆ ರಸ್ತೆಯಿಂದ ಒಂದೇ ಹಸಿರು ಹಾಸಿನಂತೆ ಕಾಣುತ್ತದೆ. ಬದುವಿನ ಮೇಲೆ ನಿಂತರೆ ಪೈರು ಬೇರೆ, ಕಳೆ ಬೇರೆ, ನಡುವಿನ ನೀರು ಬೇರೆ. ಹಾಗೇ ಹೊಡೆತದ ಶಕ್ತಿ ಹೆಚ್ಚಾದಷ್ಟು ಒಂದು ಕ್ವಾರ್ಕ್ ಅಂತ ಕಂಡದ್ದು ಕ್ವಾರ್ಕ್, ಗ್ಲೂಆನ್, ಹೊಸ ಜೋಡಿಗಳಾಗಿ ಬಿಡಿಬಿಡಿಯಾಗಿ ಕಾಣುತ್ತದೆ. ಒಟ್ಟು ಅರ್ಧವೇ ಇರುತ್ತದೆ, ಹಂಚಿಕೆ ಬೇರೆಯಾಗುತ್ತದೆ. ಆದ್ದರಿಂದ ಯಾವುದೇ ಶೇಕಡಾವಾರು ಹೇಳುವಾಗ ಯಾವ ಶಕ್ತಿಮಟ್ಟದಲ್ಲಿ ಅಂತಲೂ ಹೇಳಬೇಕು.

ಸೆಮಿನಾರಿನಲ್ಲಿ ಕೇಳಬಹುದಾದದ್ದು

‘ಬಿಕ್ಕಟ್ಟು ಅಂದರೆ ಕ್ವಾರ್ಕ್ ಮಾದರಿ ಸುಳ್ಳಾಯಿತಾ?’ ಅಂತ ಕೇಳಿದರೆ ಹೆಜ್ಜೆ 4ನ್ನೂ ಹೆಜ್ಜೆ 6ನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ಹೆಜ್ಜೆ 4ರ ಲೆಕ್ಕ ನ್ಯೂಟ್ರಾನ್ ಮತ್ತು ಪ್ರೋಟಾನ್‌ಗಳ ಕಾಂತಗುಣದ ಅನುಪಾತವನ್ನು ಹಿಡಿದುಕೊಟ್ಟಿತು. ಒಳಗೆ ಇರುವುದು ಮೂರೇ ಕಣ, ಅವು ಸುಮ್ನೆ ಕೂತಿವೆ ಅನ್ನುವ ಊಹೆ ಮಾತ್ರ ಬಿತ್ತು.

‘ಮುಂದೇನು?’ ಅಂದರೆ ಎಲೆಕ್ಟ್ರಾನ್-ಅಯಾನ್ ಕೊಲೈಡರ್ ಬಗ್ಗೆ ಹೇಳಿ. ಅದನ್ನು ಬ್ರೂಕ್‌ಹೇವನ್‌ನಲ್ಲೇ ಕಟ್ಟುವುದು ಅಂತ 2020ರ ಜನವರಿಯಲ್ಲಿ ತೀರ್ಮಾನವಾಯಿತು. ಸ್ಪಿನ್ ಜೋಡಿಸಿದ ಎಲೆಕ್ಟ್ರಾನ್ ಮತ್ತು ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸಿ ಸಣ್ಣ ಸಂವೇಗದ ಗ್ಲೂಆನ್‌ಗಳ ಪಾಲು ಅಳೆಯುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು.

‘ನ್ಯೂಟ್ರಾನ್ ಅನ್ನು ಸಾಲಾಗಿ ನಿಲ್ಲಿಸುವುದು ಹೇಗೆ, ಅದು ಒಂಟಿಯಾಗಿ 15 ನಿಮಿಷವೂ ಬದುಕುವುದಿಲ್ಲವಲ್ಲ?’ ಇದು ಒಳ್ಳೆಯ ಪ್ರಶ್ನೆ. ಅದಕ್ಕೆ ಹೀಲಿಯಂ-3 ಅನಿಲ ಬಳಸುತ್ತಾರೆ. ಅದರ ನ್ಯೂಕ್ಲಿಯಸ್‌ನಲ್ಲಿ ಎರಡು ಪ್ರೋಟಾನ್, ಒಂದು ನ್ಯೂಟ್ರಾನ್. ಪ್ರೋಟಾನ್‌ಗಳೆರಡೂ ಬಹುಪಾಲು ಎದುರುಬದುರು ದಿಕ್ಕಿನಲ್ಲಿ ಜೋಡಿಯಾಗಿ ಒಂದರ ಸ್ಪಿನ್ ಇನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ಹೆಚ್ಚುಕಡಿಮೆ ನ್ಯೂಟ್ರಾನ್‌ನ ಸ್ಪಿನ್ ಮಾತ್ರ. ಅಲ್ಲಿ ಅಳೆದದ್ದನ್ನು ಹೆಜ್ಜೆ 4ರಂತೆ ಅಪ್ ಮತ್ತು ಡೌನ್ ಅದಲುಬದಲು ಮಾಡಿ ಪ್ರೋಟಾನ್‌ನ ಅಂಕಿಗಳ ಜೊತೆ ಹೋಲಿಸುತ್ತಾರೆ. ಎರಡರ ವ್ಯತ್ಯಾಸ ಹೀಗೇ ಇರಬೇಕು ಅಂತ ಜೇಮ್ಸ್ ಬ್ಯೋರ್ಕೆನ್ 1966ರಲ್ಲೇ ಬೀಟಾ ಕ್ಷಯದ ಅಂಕಿಯಿಂದ ಲೆಕ್ಕ ಹಾಕಿ ಹೇಳಿದ್ದರು. ಆ ಸೂತ್ರ ಪ್ರಯೋಗದಲ್ಲಿ ಸರಿಯಾಗಿಯೇ ಕೂತಿದೆ.